ತೀತಪ್ಪ ಅಕ್ಕನಿಗೆ ತೆಗೆದ ಅಳತೆ

ಲಿಂಗಸುಗೂರಿನಲ್ಲಿ ಯಾರಾದರೂ ನಿಮ್ಮನ್ನು ತಲೆಯಿಂದ ಕಾಲಿನವರೆಗೆ ಎರಡು ಸಲ ನೋಡಿದರೆ, ಒಂದೋ ಅವರ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ಇಲ್ಲವೇ ಅವನು ನಮ್ಮ ತೀತಪ್ಪ. ತೀತಪ್ಪನಾದರೆ ಕೆಮ್ಮು ಬಂದರೂ ತಡೆದುಕೊಳ್ಳಿ, ಎದೆ ಸೆಟೆಸಿ ನಡೆಯಿರಿ.

ತೀತಪ್ಪ ಬಡಿಗ. ಅರವತ್ತಾರು ವರ್ಷ. ಮಂಚ, ಬಾಗಿಲು, ತೊಟ್ಟಿಲು ಎಲ್ಲ ಮಾಡುತ್ತಾನೆ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಅವನ ಹೆಸರು ಓಡಾಡುವುದು ಶವಪೆಟ್ಟಿಗೆಯ ಸಲುವಾಗಿ. ನಮ್ಮ ಸೀಮೆಯಲ್ಲಿ ಸತ್ತ ಮೇಲೆ ಪೆಟ್ಟಿಗೆ ಬೇಕಾಗುವುದು ನಮ್ಮಂಥ ಕ್ರೈಸ್ತರಿಗೆ ಮಾತ್ರ. ಬೇರೆಯವರು ಕೂತುಕೊಂಡು ಹೋಗುತ್ತಾರೆ, ಬಟ್ಟೆ ಸುತ್ತಿಕೊಂಡು ಹೋಗುತ್ತಾರೆ, ಬೆಂಕಿಯಲ್ಲಿ ಹೋಗುತ್ತಾರೆ. ಪಾರ್ಸೆಲ್ ಆಗಿ ಹೋಗುವವರು ನಾವಷ್ಟೇ. ಅಲ್ಲೊಂದು ಇಲ್ಲೊಂದು ಮನೆ ಇರುವ ಜನ ನಾವು, ಹಾಗಾಗಿ ಇಷ್ಟಕ್ಕೆಲ್ಲ ಒಬ್ಬ ತೀತಪ್ಪ ಸಾಕು. ನಾನು ನಮ್ಮ ಚರ್ಚಿನ ಸಭೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತೇನೆ. ಪ್ರತಿ ಸಲ ಮಣ್ಣು ಮಾಡುವಾಗಲೂ ಅವನ ಪೆಟ್ಟಿಗೆ, ನನ್ನ ಪೆಟ್ಟಿಗೆ ಅಕ್ಕಪಕ್ಕ ಇರುತ್ತವೆ, ಆದ್ದರಿಂದ ಅವನ ಕಥೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಅವನ ಪ್ರಾರ್ಥನೆ ಕೇಳಬೇಕು ನೀವು. ಯೇಸುಸ್ವಾಮಿಯೂ ಬಡಿಗರ ಮನೆಯವನು ಎಂಬುದನ್ನು ನಾವೆಲ್ಲ ನಂಬಿದ್ದೇವೆ; ತೀತಪ್ಪ ಮಾತ್ರ ಅದನ್ನು ಕಸುಬಿನ ಸಂಬಂಧವೆಂದು ಹಿಡಿದುಕೊಂಡಿದ್ದಾನೆ. "ಏನಪಾ, ಸಾಗವಾನಿ ಸಿಗವಲ್ದು, ಬೇವಿಂದ ಬಾಗಿಲಾ ಮಾಡಾಕತ್ತೀನಿ, ಸೊಟ್ಟಗಾದ್ರ ನೀನ ನೋಡ್ಕೊ" ಎಂದು ಗರಗಸ ಎಳೆಯುತ್ತಲೇ ಮಾತಾಡುತ್ತಾನೆ. ಈ ಹೊತ್ತಿನ ಊಟ ಕೊಡು ಎಂದು ಕೇಳುವಲ್ಲಿಗೆ ಬಂದಾಗ ಮಾತ್ರ ಅವನು ಗರಗಸ ನಿಲ್ಲಿಸುತ್ತಾನೆ. ಅವನ ಊಟವೆಂದರೆ ಯಾರದೋ ಮನೆಯ ಅಳು. ಅದಕ್ಕೆ ಅವನು, "ಊಟ ಕೊಡು, ಆದ್ರ ಬಾಗಿಲದಿಂದ ಕೊಡು, ಮಂಚದಿಂದ ಕೊಡು" ಎಂದು ಸೇರಿಸಿಕೊಳ್ಳುತ್ತಾನೆ. ದೇವರು ಯಾವ ಕಾರಣಕ್ಕೋ ಮಂಚದ ಗಿರಾಕಿಗಳನ್ನು ಕಡಿಮೆ ಕಳಿಸುತ್ತಾನೆ.

ಅವನಿಗೆ ಟೇಪು ಬೇಕಿಲ್ಲ. ಮಲಗಿದ ಮನುಷ್ಯನನ್ನು ಒಮ್ಮೆ ನೋಡಿದರೆ ಉದ್ದ, ಅಗಲ, ಹೊಟ್ಟೆಯ ಎತ್ತರ ಎಲ್ಲ ತಲೆಯಲ್ಲಿ ಕೂತುಬಿಡುತ್ತದೆ. ಸತ್ತ ಮನೆಗೆ ಹೋಗಿ ಟೇಪು ಹಿಡಿಯುವುದು ಒರಟುತನ ಎಂದು, ಕಾಯಿಲೆ ಬಿದ್ದವರ ಮನೆಗೆ ನಾವೆಲ್ಲ ಪ್ರಾರ್ಥನೆಗೆ ಹೋದಾಗಲೇ ಅವನು ಆ ಕೆಲಸ ಮುಗಿಸುತ್ತಿದ್ದ. ನಾವು ಕಣ್ಣು ಮುಚ್ಚುತ್ತಿದ್ದೆವು, ಅವನು ತೆರೆಯುತ್ತಿದ್ದ.

ಹಿಂಗೇ ಒಂದು ಸಲ ಸಭೆಯ ಹಿರಿಯ ದಾನಿಯೇಲಪ್ಪ ನ್ಯುಮೋನಿಯಾ ಬಂದು ಮಲಗಿದರು. ಇನ್ನು ಎರಡು ದಿನ ಎಂದು ಎಲ್ಲರೂ ಹೇಳಿದರು. ತೀತಪ್ಪ ಮನೆಯವರಿಗೆ ಅವಸರ ಆಗಬಾರದೆಂದು ಪೆಟ್ಟಿಗೆ ಮಾಡಿ, ಅದರ ಮೇಲೆ ಸೀಮೆಸುಣ್ಣದಿಂದ ಹೆಸರು ಬರೆದು, ಗೋಡೆಗೆ ನಿಲ್ಲಿಸಿದ. ದಾನಿಯೇಲಪ್ಪ ಗುಣವಾದರು. ಹದಿನೈದು ದಿನಕ್ಕೆ ದೇವರಿಗೆ ಕೃತಜ್ಞತೆಯಾಗಿ ಸಭೆಗೊಂದು ಬೆಂಚು ಮಾಡಿಸಲು ನಡೆದುಕೊಂಡೇ ತೀತಪ್ಪನ ಅಂಗಡಿಗೆ ಬಂದರು. ಬಂದವರು ಗೋಡೆಯ ಕಡೆ ನೋಡಿದರು.

"ಇದೇನಲೇ ಇದು?"

"ಅದು... ನಿಮ್ದರೀ. ಈಗ ಬ್ಯಾಡಾದ್ರ ಇರ್ಲಿ ಬಿಡ್ರಿ."

ಆವತ್ತಿನ ಬೈಗುಳವನ್ನು ಒಬ್ಬ ಸಭೆಯ ಹಿರಿಯರ ಬಾಯಿಂದ ಬಂದದ್ದೆಂದು ನಾನು ಇಲ್ಲಿ ಬರೆಯಲಾರೆ. ಕಡೆಗೆ ಪೆಟ್ಟಿಗೆ ತಮ್ಮ ಹೆಸರಿಗೇ ಆಗಿದೆಯಲ್ಲ ಎಂದು ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ಹೋದರು. ಈಗಲೂ ಅವರ ಮನೆಯಲ್ಲಿ ಅದರೊಳಗೆ ತೊಗರಿ ಇಡುತ್ತಾರೆ, ಒಂದು ಇಲಿಯೂ ಒಳಗೆ ಹೋಗಿಲ್ಲವಂತೆ.

ಅಲ್ಲಿಂದ ತೀತಪ್ಪನ ಕಣ್ಣಿಗೆ ಹೆಸರು ಬಂತು. ಅವನು ಬೀದಿಗೆ ಬಂದನೆಂದರೆ ಜ್ವರದವರು ಎದ್ದು ಅಂಗಳ ಗುಡಿಸುತ್ತಿದ್ದರು. ಕಾಲು ಮುರಿದುಕೊಂಡ ಒಬ್ಬಾತ ಅವನನ್ನು ಕಂಡು ಕೋಲಿಲ್ಲದೆ ಹಿತ್ತಲಿಗೆ ಓಡಿದ್ದನ್ನು ನಾನೇ ನೋಡಿದ್ದೇನೆ. ತೀತಪ್ಪ ಒಬ್ಬನ ಮನೆಗೆ ಮಾತ್ರ ಧಾರಾಳವಾಗಿ ಹೋಗಿ ಬರುತ್ತಿದ್ದ. ಅದು ಆಟೋ ಓಡಿಸುವ ಅಮೀನ್‌ಸಾಬನ ಮನೆ. "ಬಾರಪಾ ಭಾಯ್, ಎಷ್ಟರ ನೋಡು, ನಮಗ ಪೆಟ್ಟಿಗಿ ಬೇಕಾಗೂದಿಲ್ಲ" ಎಂದು ಅಮೀನ್‌ಸಾಬ ನಗುತ್ತಾ ಚಹಾ ಕೊಡಿಸುತ್ತಿದ್ದ.

ಹೋದ ವರ್ಷ ಬಳಗಾನೂರಿನಲ್ಲಿ ತೀತಪ್ಪನ ಅಕ್ಕ ರೂತಮ್ಮ ಮಲಗಿದಳು. ತಾಯಿ ಸತ್ತಾಗ ತೀತಪ್ಪನಿಗೆ ಮೂರು ವರ್ಷ, ಅವಳಿಗೆ ಹದಿನೈದು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮದುವೆಯಾಗಿ ಕಾಲುವೆ ನೀರಿನ ಊರಿಗೆ ಹೋದ ಮೇಲೆ ಇಪ್ಪತ್ತೈದು ವರ್ಷ ಭತ್ತದ ಗದ್ದೆಯಲ್ಲಿ ಬಗ್ಗಿ ಬಗ್ಗಿ ಸಸಿ ನೆಟ್ಟು, ಕಡೆಗೆ ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ ನಿಂತಿತು. ಮೂವತ್ತು ವರ್ಷದಿಂದ ನೆಲ ನೋಡಿಕೊಂಡೇ ನಡೆದವಳು, ನೋವಿಲ್ಲದೆ ಒಂದು ದಿನ ಮಲಗಿದವಳಲ್ಲ. ಈಗ ಸಿಂಧನೂರಿನ ಡಾಕ್ಟರು, "ಮನೀಗೆ ಕರ್ಕೊಂಡು ಹೋಗಿ ಚಲೋತ್ನಾಗ ನೋಡ್ಕೊಳ್ರಿ" ಎಂದಿದ್ದರು. ಆ ಮಾತಿನ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು.

ತೀತಪ್ಪ ಹೊರಟು ನಿಂತಾಗ ಅಕ್ಕನ ಮಗ ಪವನನ ಫೋನು ಬಂತು. "ಮಾಮಾ, ಸಿಟ್ಟಾಗಬ್ಯಾಡ್ರಿ. ನೀವು ಬರೂದು ಬ್ಯಾಡ. ನೀವು ಬಂದ್ರ ಮಂದಿ ಏನಂತಾರ? ಅವ್ವಗೂ ಗಾಬರಿ ಆಗತೈತಿ."

"ಆಕಿ ನನ್ನ ಅಕ್ಕಲೇ! ನಾ ನೋಡಬಾರದಾ?"

"ನೋಡೂದ ಬ್ಯಾಡ ಅಂತೀನಿ ನಾನು. ಬರಾಕ ಬೇಕಂದ್ರ ಕಣ್ಣು ಕಟ್ಕೊಂಡು ಬರ್ರಿ!" ಎಂದು ಪವನ ಸಿಟ್ಟಿನಿಂದ ಫೋನು ಇಟ್ಟ.

ಮರುದಿನ ಭಾನುವಾರ. ನಮ್ಮ ಪಾಸ್ಟರು ಒಳ್ಳೆಯವರು, ಆದರೆ ಅವರಿಗೆ ಉದಾಹರಣೆ ಕೊಡುವ ಚಟ. ಅಂದು ಉಪದೇಶದ ಪ್ರಸಂಗದಲ್ಲಿ ಕಷ್ಟ ಯಾಕೆ ಬರುತ್ತದೆ ಎಂಬ ಮಾತು ಹಿಡಿದರು. "ನಾವೆಲ್ಲ ಒರಟು ಕಟ್ಟಿಗೆ. ದೇವರು ಬಡಿಗ. ಕಷ್ಟ ಅನ್ನೋದು ಆತನ ಕೈಯಾಗಿನ ರಂದಾ. ರಂದಾ ಹೊಡೆದಾಗ ಸಿಪ್ಪೆ ಏಳತದ, ನೋವಾಗತದ, ಆದರೆ ಕಟ್ಟಿಗೆ ನುಣುಪಾಗತದ."

ಬಡಿಗ ಕೂತಿರುವ ಸಭೆಯಲ್ಲಿ ರಂದಾದ ಮಾತು ತೆಗೆಯಬಾರದಿತ್ತು. ತೀತಪ್ಪ ಎದ್ದು ನಿಂತ. ನಮ್ಮಲ್ಲಿ ಪ್ರಸಂಗದ ನಡುವೆ ಎದ್ದು ನಿಲ್ಲುವವರು ಹೊರಗೆ ಹೋಗಲಿಕ್ಕೆ ಮಾತ್ರ ಎದ್ದು ನಿಲ್ಲುತ್ತಾರೆ.

"ಪಾಸ್ಟರ್ರ, ಒಂದು ಡೌಟು. ರಂದಾ ಎಷ್ಟು ಸಲ ಹೊಡೀಬೇಕು?"

"ಅದು... ದೇವರ ಚಿತ್ತ, ತೀತಪ್ಪ."

"ಚಿತ್ತ ಅಲ್ರಿ, ಅದಕ್ಕೊಂದು ಲೆಕ್ಕ ಐತಿ. ಹಲಗಿ ನುಣುಪಾದ ಮ್ಯಾಲೆ ನಿಲ್ಲಿಸಬೇಕು. ನಮ್ಮಕ್ಕ ನುಣುಪಾಗಿ ಮೂವತ್ತು ವರ್ಷ ಆತು, ಇನ್ನಾ ಹೊಡ್ಯಾಕತ್ತಾನ. ಆಕಿನ್ನ ಏನ ಮಾಡಬೇಕಂತ ಮಾಡ್ಯಾನ ಆತ, ಹಲ್ಲುಕಡ್ಡಿನಾ?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅದು ನಾನೇ, ಒಪ್ಪಿಕೊಳ್ಳುತ್ತೇನೆ. ದಾನಿಯೇಲಪ್ಪ ಎದ್ದು, ಮನೆತನದ ಹಿಂದಿನವರು ಯಾರೋ ಪಾಪ ಮಾಡಿರಬೇಕು ಎಂದರು. "ಆಕಿ ಹಿಂದಿನವರ ನನ್ನ ಹಿಂದಿನವರೂ ಅಲ್ರೀ? ನನ್ನ ಬೆನ್ನು ನೆಟ್ಟಗ ಐತಿ" ಎಂದ ತೀತಪ್ಪ. ಹೆಂಗಸರ ಸಾಲಿನಿಂದ ಭಾರತಿ, ದೇವರಿಗೆ ಬಹಳ ಪ್ರೀತಿ ಇದ್ದವರಿಗೇ ಆತ ಕಷ್ಟ ಕೊಡುತ್ತಾನೆ ಎಂದಳು. "ಹಂಗಾದ್ರ ಇನ್ನ ನಾಕು ದಿನ ನಿನ್ನ ಪ್ರೀತಿ ಮಾಡ್ಲಿ ಬಿಡವಾ" ಎಂದ. ಭಾರತಿ ತಟ್ಟನೆ ಕೂತಳು.

ಈ ಕಾರಣ ಹೇಳುವ ಮಂದಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ನೋವು ಒಬ್ಬರದು, ಕಾರಣ ಹೇಳುವವರು ನಲವತ್ತು ಜನ, ಎಲ್ಲರೂ ಬೆನ್ನು ನೆಟ್ಟಗಿದ್ದವರೇ. ಪಾಸ್ಟರು ಬೆವರು ಒರೆಸಿಕೊಂಡು ಗೀತೆ ಹಾಡೋಣ ಎಂದರು. ನಾನು ಗಡಿಬಿಡಿಯಲ್ಲಿ ಮದುವೆಯ ಗೀತೆ ಹಿಡಿದುಬಿಟ್ಟೆ, ಎಲ್ಲರೂ ಅದನ್ನೇ ಹಾಡಿ ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ತೀತಪ್ಪ ಅಮೀನ್‌ಸಾಬನ ಆಟೋ ಹತ್ತಿದ. ನನ್ನನ್ನೂ ಎಳೆದುಕೊಂಡ, ಪವನನೊಡನೆ ಮಾತಾಡಲು ಒಬ್ಬ ಮರ್ಯಾದಸ್ಥ ಬೇಕಂತೆ. ಮಸ್ಕಿ ದಾಟಿ ಬಳಗಾನೂರು ಹತ್ತಿರ ಬಂದಾಗ ಹೆಗಲ ಮೇಲಿನ ಟವೆಲು ತೆಗೆದು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡ. ಪವನ ಹೇಳಿದ್ದು ಸಿಟ್ಟಿನ ಮಾತು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಮಾತಂದ್ರ ಮಾತು. ಅಕ್ಕನ ಮನಿಯೊಳಗ ಜಗಳ ಬ್ಯಾಡ ನಂಗ."

ನಾನೊಂದು ಕೈ, ಅಮೀನ್‌ಸಾಬ ಒಂದು ಕೈ ಹಿಡಿದು ಪಡಸಾಲೆಗೆ ನಡೆಸಿದೆವು. ಪವನ ಬಾಗಿಲಲ್ಲಿ ಬಾಯಿ ತೆರೆದುಕೊಂಡು ನಿಂತ. ಬಿಸಿಲಿಗೆ ಒಳಗೆ ಕಟ್ಟಿದ್ದ ಒಂದು ಮುದಿ ಮೇಕೆ ಮಂಚದ ಕಾಲಿನ ಬಳಿ ಮಲಗಿತ್ತು. ತೀತಪ್ಪ ನಮ್ಮ ಕೈ ಕೊಸರಿಕೊಂಡು ಮುಂದೆ ಹೋಗಿ, ಮಂಡಿಯೂರಿ, ಕೈ ಚಾಚಿ, ಆ ಮೇಕೆಯ ಪಕ್ಕೆಲುಬು ತಡವಿದ.

"ಅಯ್ಯೋ ಅಕ್ಕಾ! ಎಷ್ಟು ಸೊರಗೀಯವಾ!" ಎಂದು ಅಳಲು ಶುರುಮಾಡಿದ. ಆಮೇಲೆ ಗಡ್ಡ ಸಿಕ್ಕಿತು. ಅಳು ಅಲ್ಲಿಗೇ ನಿಂತಿತು.

ಮಂಚದ ಮೇಲಿಂದ ಒಂದು ಸಣ್ಣ ಸದ್ದು ಬಂತು. ರೂತಮ್ಮ ನಗುತ್ತಿದ್ದಳು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು, ಪವನ ಓಡಿಹೋಗಿ ನೀರು ತಂದ. "ಕಣ್ಣ ಬಿಚ್ಚೋ ಹುಚ್ಚ. ಮ್ಯಾಕಿ ಅಳತಿ ತಗೊಂಡು ಏನ ಮಾಡ್ತಿ, ನಂದು ತಗೋ" ಎಂದಳು.

ತೀತಪ್ಪ ಟವೆಲು ಬಿಚ್ಚಿ ಅವಳನ್ನು ನೋಡಿದ. ಬಾಗಿಲ ಕಡೆ ಮುಖ ಮಾಡಿ, ಹೊಟ್ಟೆಯೊಳಗೆ ಮೊಣಕಾಲು ಸೇರಿಸಿಕೊಂಡು, ಮುದುಡಿ ಮಲಗಿದ್ದಳು. ನೆಟ್ಟಗೆ ಮಲಗಲು ಬೆನ್ನು ಬಿಡುತ್ತಿರಲಿಲ್ಲ. ಅವನ ಕಣ್ಣು ಬೇಡವೆಂದರೂ ತನ್ನ ಕೆಲಸ ಮಾಡಿತೆಂದು ನನಗೆ ಗೊತ್ತಾಯಿತು, ಯಾಕೆಂದರೆ ಅವನು ತಕ್ಷಣ ಮುಖ ತಿರುಗಿಸಿಕೊಂಡ.

"ಎಷ್ಟಾತು?" ಎಂದಳು ರೂತಮ್ಮ.

"ಅಂಥಾ ಮಾತು ಬ್ಯಾಡಕ್ಕ."

"ಹೇಳಲೇ. ನೀ ತಗೊಂಡಿದ್ದು ನಾ ನೋಡೀನಿ."

"...ಮೂರೂವರಿ ಅಡಿ."

"ಅದು ಕೂಸಿನ ಪೆಟ್ಟಿಗಿ. ನಾ ಅದರಾಗ ಮಲಗೂದಿಲ್ಲ. ಉದ್ದಂದು ಮಾಡು. ನಾ ಮೊದಲ ಹ್ಯಾಂಗ ಇದ್ನೆಲ್ಲ, ಅಷ್ಟು."

ತೀತಪ್ಪನೊಳಗಿನ ಬಡಿಗ ಎದ್ದು ಕೂತ. "ಆಗೂದಿಲ್ಲಕ್ಕ. ಬೆನ್ನು ನೆಟ್ಟಗಾಗೂದಿಲ್ಲ. ದೊಡ್ಡ ಪೆಟ್ಟಿಗ್ಯಾಗ ಇಟ್ರ ಒಳಗ ಹೊರಳಾಡ್ತಿ."

"ಕಡೀ ದಿನ ದೇವರು ಸತ್ತವರನ್ನ ಎಬ್ಬಿಸ್ತಾನಲ್ಲ, ಆವಾಗ ನಾ ಗೂನಿ ಆಗಿ ಏಳಬೇಕಾ? ಆತ ನೆಟ್ಟಗ ಮಾಡಾಕ ಹೋದ್ರ ಹಲಗಿಗೆ ತಲಿ ಬಡೀತೈತಿ. ನಿನಗ ಹೆಸರು ಕೆಡತೈತಿ."

ತೀತಪ್ಪನಿಗೆ ಎಲ್ಲಿತ್ತೋ ಸಿಟ್ಟು. "ಅಷ್ಟು ನೆಟ್ಟಗ ಮಾಡಾಂವ ಈಗ್ಯಾಕ ಮಾಡವಲ್ಲ? ಮೂವತ್ತು ವರ್ಷ ಏನ ಮಾಡಾಕತ್ತಿದ್ದ?"

"ನಾನೂ ಕೇಳೀನಿ. ದಿನಾ ಕೇಳ್ತೀನಿ. ಬೈದೂ ಕೇಳೀನಿ."

"ಏನಂದ?"

"ಏನೂ ಹೇಳವಲ್ಲ."

"ಮತ್ತ?"

"ಮತ್ತೇನು, ಮಾತು ಬಿಟ್ಟಿಲ್ಲ ನಾವು" ಎಂದು ರೂತಮ್ಮ ಕಣ್ಣು ಮುಚ್ಚಿದಳು. ಪವನ ಅವಳ ಬೆನ್ನಿಗೆ ಕೊಟ್ಟಿದ್ದ ದಿಂಬು ಸರಿಮಾಡಿದ.

ಹೊರಗೆ ಬಂದಾಗ ಹೊಸ ತಾಪತ್ರಯ ಶುರುವಾಯಿತು. ರೂತಮ್ಮ ಮೊದಲು ಎಷ್ಟು ಎತ್ತರವಿದ್ದಳು ಎಂದು ಯಾರಿಗೂ ಗೊತ್ತಿಲ್ಲ. ಪವನ ಹುಟ್ಟುವ ಹೊತ್ತಿಗೇ ಅವಳು ಅರ್ಧ ಬಗ್ಗಿದ್ದಳು. ಫೋಟೋ ಇದ್ದದ್ದು ಆಧಾರ್ ಕಾರ್ಡಿನಲ್ಲಿ, ಅದರಲ್ಲಿ ಬರೀ ಮುಖ. ತೀತಪ್ಪ ಆಟೋದ ಪಕ್ಕ ಕೂತು ತಲೆ ಕೆರೆದುಕೊಂಡ. ಆಮೇಲೆ ಎದ್ದು, "ಸಂತೆಕಲ್ಲೂರು!" ಎಂದ. ಅಲ್ಲಿ ಅವರ ತವರು ಮನೆಯ ಬಾಗಿಲು ಗಿಡ್ಡ. ಮದುವೆಗೆ ಮುಂಚೆ ಅಕ್ಕ ಅವನನ್ನು ಎತ್ತಿಕೊಂಡು ಒಳಗೆ ಬರುವಾಗೆಲ್ಲ ಅವಳ ನೆತ್ತಿ ಮೇಲಿನ ಪಟ್ಟಿಗೆ ಸವರುತ್ತಿತ್ತಂತೆ. ತಗ್ಗಿಸುವಷ್ಟಲ್ಲ, ತಗ್ಗಿಸದಿದ್ದರೆ ಕೂದಲು ಸಿಕ್ಕುವಷ್ಟು.

ಆ ಮನೆ ಮಾರಿ ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿ ಸರ್ದಾರಬಿ ಎಂಬ ಅಜ್ಜಿ ಇದ್ದಳು. ಬಾಗಿಲು ಅದೇ. ತೀತಪ್ಪ ಯಾರನ್ನೂ ಕೇಳದೆ ಜೀವನದಲ್ಲಿ ಮೊದಲ ಸಲ ಶವಪೆಟ್ಟಿಗೆಯ ಅಳತೆಗೆಂದು ಜೇಬಿನಿಂದ ಟೇಪು ತೆಗೆದ. ಅಜ್ಜಿ ಕಸಬರಿಗೆ ಹಿಡಿದುಕೊಂಡು ಬಂದಳು.

"ಏ, ನೀ ಪೆಟ್ಟಿಗಿ ತೀತಪ್ಪ ಅಲ್ಲೇನು? ಯಾರ ಸತ್ತಾರ ನಮ್ಮನ್ಯಾಗ? ಟೇಪ್ ಒಳಗಿಡೋ!"

"ಆಪಾ, ನಮ್ಮಂದಿಗೆ ಪೆಟ್ಟಿಗಿ ಎಲ್ಲಿದು? ಅಂವ ಬಾಗಲಾ ಅಳೀತಾನ" ಎಂದು ಅಮೀನ್‌ಸಾಬ ಕೈ ಮುಗಿದ.

"ಬಾಗಲಕ್ಕೂ ಸಾವು ಬರತೈತೇನು?"

ನಾನು ಮರ್ಯಾದಸ್ಥನ ಕೆಲಸ ಮಾಡಿ ಎಲ್ಲ ವಿವರಿಸಿದೆ. ಅಜ್ಜಿಯ ಕೈಯಿಂದ ಕಸಬರಿಗೆ ಇಳಿಯಿತು. ಇಳಿದ ಮೇಲೆ, ಹೊಸದಾಗಿ ಬಂಡೆ ಹಾಸಿಸಿದಾಗ ನೆಲವನ್ನು ಒಂದು ಗೇಣು ಎತ್ತರ ಮಾಡಿಸಿದ್ದೇವೆ ಎಂದಳು. "ಹಂಗಾದ್ರ ಒಂದು ಬಂಡಿ ಕಿತ್ತು ನೋಡ್ತೀನಿ" ಎಂದ ತೀತಪ್ಪ. ಕಸಬರಿಗೆ ಮತ್ತೆ ಏರಿತು. ಕಡೆಗೆ ಆ ಗೇಣು ಯಾರ ಗೇಣು ಎಂಬಲ್ಲಿಗೆ ಬಂತು. ಅದು ಅಜ್ಜಿಯದೇ, ಗೌಂಡಿಯ ಮುಂದೆ ಕೂತು ತಾನೇ ಅಳೆದಿದ್ದಳಂತೆ. ಅಜ್ಜಿಯ ಕೈ ಅಳೆಯಬೇಕು, ಅಜ್ಜಿ ತೀತಪ್ಪನ ಟೇಪಿಗೆ ಕೈ ಕೊಡಲೊಲ್ಲಳು. ಅಮೀನ್‌ಸಾಬ ಆಣೆ ಹಾಕಿ, ಮೊದಲು ತನ್ನ ಕೈ ಅಳೆಸಿಕೊಂಡು, ಬದುಕಿರುವುದನ್ನು ತೋರಿಸಿದ. ಅಜ್ಜಿ ಕಣ್ಣು ಮುಚ್ಚಿ, ದುವಾ ಹೇಳುತ್ತಾ, ಕೈ ಅಗಲಿಸಿದಳು.

ತೀತಪ್ಪ ಬಾಗಿಲ ಎತ್ತರ, ಅಜ್ಜಿಯ ಗೇಣು ಎರಡೂ ಕೂಡಿಸಿದ. ಐದು ಅಡಿ ಏಳು ಇಂಚು. ಇನ್ನೊಂದು ಸಲ ಅಳೆದ. ಆಮೇಲೆ ಆ ಹೊಸ್ತಿಲ ಮೇಲೆ ಕುಸಿದು ಕೂತ.

"ನಾ ಐದು ಅಡಿ ನಾಕು ಇಂಚು" ಎಂದ. "ಅಕ್ಕ ನನಗಿಂತ ಎತ್ತರ ಇದ್ಲು. ಮೂವತ್ತು ವರ್ಷ ನಾ ಆಕಿನ್ನ ಬಗ್ಗಿ ನೋಡೀನಲ್ಲೋ. ಮರತ ಬಿಟ್ಟಿದ್ನೆಲ್ಲೋ ಅಮೀನ್‌ಸಾಬ!"

ಅತ್ತ. ಮೇಕೆಯ ಮುಂದೆ ಅತ್ತದ್ದು ಏನೂ ಅಲ್ಲ. ಸರ್ದಾರಬಿ ಕಸಬರಿಗೆ ಮೂಲೆಗೆಸೆದು ಅವನ ಪಕ್ಕದಲ್ಲಿ ಕೂತಳು. ಕಾರಣ ಗೀರಣ ಏನೂ ಹೇಳಲಿಲ್ಲ. ಆಮೇಲೆ ಚಹಾ ಮಾಡಿದಳು.

ರೂತಮ್ಮ ಇನ್ನೂ ಹನ್ನೊಂದು ದಿನ ಇದ್ದಳು. ತೀತಪ್ಪ ಅಷ್ಟೂ ದಿನ ಅಲ್ಲೇ ಇದ್ದ, ಪವನನೂ ಬೇಡವೆನ್ನಲಿಲ್ಲ. ಅಂಗಳದಲ್ಲೇ ಹಲಗೆ ಕೊಯ್ದ. ಅವಳು ಒಳಗಿನಿಂದಲೇ ಮೊಳೆ ಕಡಿಮೆ ಆಯಿತು, ಸದ್ದು ಹೆಚ್ಚಾಯಿತು ಎಂದು ತಪ್ಪು ಹಿಡಿಯುತ್ತಿದ್ದಳು. ನೋವು ಹೆಚ್ಚಾದ ದಿನ ಇಬ್ಬರೂ ಸೇರಿ ದೇವರನ್ನು ಬೈಯುತ್ತಿದ್ದರು, ಕಡೆಗೆ ಆಮೆನ್ ಎನ್ನುತ್ತಿದ್ದರು.

ಹನ್ನೆರಡನೇ ದಿನ ಬೆಳಿಗ್ಗೆ ನಾವೆಲ್ಲ ಬಳಗಾನೂರಿಗೆ ಹೋದೆವು. ಪೆಟ್ಟಿಗೆ ನೋಡಿ ಎಲ್ಲರೂ ಗುಸುಗುಸು ಎಂದರು. ಮುದುಡಿದ ರೂತಮ್ಮ ಅದರ ನಡುವೆ ಒಂದು ಪಕ್ಕಕ್ಕೆ ಮಲಗಿದ್ದಳು. ತಲೆಯ ಕಡೆ, ಕಾಲಿನ ಕಡೆ ಒಂದೊಂದು ಅಡಿ ಖಾಲಿ. ಮಣ್ಣಿಗೆ ಬಂದರೆ, ಅವಳ ಮುದುಡಿದ ಮೈ ನೋಡಿ ಊರವರು ತೋಡಿದ್ದ ಕುಣಿ ಪೆಟ್ಟಿಗೆಗಿಂತ ಒಂದು ಅಡಿ ಗಿಡ್ಡ. ದಾನಿಯೇಲಪ್ಪನವರಿಗೆ ಬಹಳ ವರ್ಷದ ಸೇಡು ತೀರಿಸಿಕೊಳ್ಳುವ ಹೊತ್ತು ಬಂತು.

"ಕಣ್ಣು ಹೋದ್ವೇನಲೇ ತೀತಪ್ಪ? ನಂದು ಅಷ್ಟು ಸರಿ ಮಾಡಿದ್ದಿ. ನಿಮ್ಮಕ್ಕಂದಾ ತಪ್ಪಿದ್ಯಲ್ಲ. ಖಾಲಿ ಇದ್ದಲ್ಲೆ ಹುಲ್ಲರ ತುಂಬ್ರಿ."

"ಕೈ ಹಚ್ಚಬ್ಯಾಡ್ರಿ!" ಎಂದ ತೀತಪ್ಪ. ಅವನ ದನಿಗೆ ಹುಲ್ಲು ತರಲು ಹೊರಟವನು ನಿಂತ. "ಅದು ಖಾಲಿ ಅಲ್ಲ. ಅದು ಆಕಿ ಜಾಗ." ಪಾಸ್ಟರ ಕಡೆ ತಿರುಗಿದ. "ಪಾಸ್ಟರ್ರ, ಪ್ರತಿ ಮಣ್ಣಿನಾಗ ಹೇಳ್ತೀರಿ, ಇವರು ಎದ್ದೇಳ್ತಾರ, ನೋವಿಲ್ಲದ ಮೈ ಸಿಗತೈತಿ ಅಂತ. ಹೇಳ್ತೀರೋ ಇಲ್ಲೋ?"

"ಹೇಳ್ತೀನಿ."

"ನಾ ಅದನ್ನ ನಂಬಿ ಹಲಗಿ ಕೊಯ್ದೀನಿ. ಇಲ್ಲಿ ನಿಂತಾವರು ಯಾರೂ ನಂಬಿಲ್ಲೇನು?"

ಪಾಸ್ಟರು ಅದುವರೆಗೆ ಕೈಯಲ್ಲಿ ಹಿಡಿದಿದ್ದ ಪ್ರಸಂಗದ ಚೀಟಿಯನ್ನು ಮಡಚಿ ಜೇಬಿಗಿಟ್ಟರು, ಬಿಳಿ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದರು, ಸಲಿಕೆ ತೆಗೆದುಕೊಂಡು ಕುಣಿಯೊಳಗೆ ಇಳಿದರು. ಕಾಲುವೆ ಬದಿಯ ಎರೆಮಣ್ಣು, ಎರಡೇ ಏಟಿಗೆ ಅಂಗಿ ಹಾಳಾಯಿತು. ಅವರು ನಿಲ್ಲಲಿಲ್ಲ. ತೀತಪ್ಪ ಮೇಲೆ ನಿಂತು, "ಇನ್ನಾ ನಾಕು ಇಂಚು ಪಾಸ್ಟರ್ರ, ಅಕ್ಕ ಎತ್ತರ ಅದಾಳ" ಎಂದು ಹೇಳುತ್ತಿದ್ದ, ಅವರು ತೋಡುತ್ತಿದ್ದರು.